ಸಿಲಿಂಡರ್ ಗಾಡಿಗೆ ಸ್ವಾಗತ ಗೀತೆ

ಗೆಳೆಯರೇ, ಅತಿಥಿಗಳಿಗೆಂದು ತಿಂಗಳಿಡೀ ಕಲಿಸಿದ ಸ್ವಾಗತ ಗೀತೆಯನ್ನು ನನ್ನ ಶಾಲೆಯ ಮಕ್ಕಳು ಇವತ್ತು ಬಿಸಿಯೂಟದ ಸಿಲಿಂಡರ್ ಗಾಡಿಗೆ ಹಾಡಿದರು.

ಹೊಸ ಕೊಠಡಿಯ ಉದ್ಘಾಟನೆಗೆ ಅತಿಥಿಗಳು ಹತ್ತು ಗಂಟೆಗೆ ಬರಬೇಕಿತ್ತು. ಗೇಟಿನಲ್ಲಿ ನಿಂತಿದ್ದ ಹೆಡ್‌ಮಾಸ್ಟರು ಯಾವ ಗಾಡಿಯ ಸದ್ದು ಕೇಳಿದರೂ ಕೈ ಎತ್ತುತ್ತಿದ್ದರು; ಮಕ್ಕಳು ಶುರು ಮಾಡುತ್ತಿದ್ದರು. ಮೊದಲು ಬಂದದ್ದು ಶಾಮಿಯಾನದ ಟೆಂಪೊ. ಆಮೇಲೆ ಸಿಲಿಂಡರ್ ಗಾಡಿ. ಪಾಪ, ಅದರ ಡ್ರೈವರ್ ಸಿಲಿಂಡರ್ ಕೆಳಗಿಳಿಸಿ, ಹಾಡು ಮುಗಿಯುವವರೆಗೂ ಕೈಕಟ್ಟಿ ನಿಂತಿದ್ದ.

ಅತಿಥಿಗಳು ಬಂದಾಗ ಒಂದೂವರೆ. ಬಿಸಿಲಿಗೆ ಮಕ್ಕಳ ಗಂಟಲು ಕಟ್ಟಿತ್ತು. ಆದರೂ ಹಾಡು ಎತ್ತಿಕೊಂಡರು. ಮೊದಲ ಸಾಲಿಗೇ ಅತಿಥಿಗಳು ಕೈ ಅಡ್ಡ ಹಿಡಿದರು.

"ಹಾಡೆಲ್ಲ ಬ್ಯಾಡ ಮೇಡಂ, ಸಾಸಲು ಹಳ್ಳೀಲಿ ಇನ್ನೊಂದು ಪ್ರೋಗ್ರಾಂ ಐತೆ. ಮಕ್ಕಳ ಜೊತೆ ಒಂದು ಫೋಟೋ ತಗೊಂಡ್ಬಿಡಿ."

ಮುಂದೆ ನಿಂತು ಹಾಡುವ ಏಳನೇ ಕ್ಲಾಸಿನ ಶಬಾನಾ ಆಮೇಲೆ ನನ್ನ ಸೆರಗು ಹಿಡಿದು ಕೇಳಿದಳು. "ಮಿಸ್, ನಾನು ಶ್ರುತಿ ತಪ್ಪಿದ್ನಾ?"

"ಇಲ್ಲ ಕಣಮ್ಮ" ಅಂದೆ. ನಂಬಲಿಲ್ಲ.

ಸಂಜೆ ಇಲಾಖೆಗೆ ವರದಿ ಹೋಗಬೇಕಿತ್ತು. "ಮಕ್ಕಳ ಹಾಡನ್ನ ಗಣ್ಯರು ಪೂರ್ತಿ ಕೇಳಿ ಮೆಚ್ಚಿದ್ರು ಅಂತ ಬರೀರಿ ಮೇಡಂ" ಅಂದರು ಹೆಡ್‌ಮಾಸ್ಟರು. ಬರೆದೆ. ಬರೆಯುವಾಗ ಆ ಡ್ರೈವರನ್ನು ನೆನೆಸಿಕೊಂಡೆ. ಸುಳ್ಳು ಅನ್ನಿಸಲಿಲ್ಲ.