ಸುಳ್ಳು ಬರೆಯದ ಪೇಂಟರ್ ಮಾವ

ಮೊನ್ನೆ ಕಾಲೇಜಿನ ಗೇಟಿಗೆ ಬಣ್ಣ ಹೊಡೆಯಲು ಬಂದವನು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ತರಗತಿಯಲ್ಲಿ ಪಾಠ ಮಾಡುತ್ತಿದ್ದ ನನ್ನ ಗಮನ ಕಿಟಕಿಯಾಚೆ ಹೋಯಿತು. ಚಿಂತಾಮಣಿಯ ನಮ್ಮ ಪಕ್ಕದ ಮನೆಯ ಪೇಂಟರ್ ಮಾವ ನೆನಪಾದರು...

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದೆ. ಊರಿನ ಅರ್ಧ ಅಂಗಡಿಗಳ ಬೋರ್ಡು, ಚುನಾವಣೆ ಬಂದರೆ ಗೋಡೆಬರಹ, ಎಲ್ಲ ಮಾವನದೇ ಕೈ. ತೊಂದರೆ ಒಂದೇ: ನಿಜವೆಂದು ತಮಗೆ ಖಾತ್ರಿಯಾಗದ್ದನ್ನು ಅವರು ಬರೆಯುತ್ತಿರಲಿಲ್ಲ.

ಇದಕ್ಕೆ ಕಾರಣ ಅವರ ಅತ್ತೆ. ಹಿಂದೊಮ್ಮೆ ಮಾವ ಒಂದು ಮಿಠಾಯಿ ಅಂಗಡಿಗೆ ‘ಶುದ್ಧ ತುಪ್ಪದ ಸಿಹಿತಿಂಡಿ’ ಎಂದು ಬರೆದುಕೊಟ್ಟಿದ್ದರಂತೆ. ಆಕೆ ಅಲ್ಲಿಂದ ಕಾಲು ಕೆಜಿ ಮೈಸೂರುಪಾಕ್ ತಂದು ತಿಂದು ಮೂರು ದಿನ ಮೇಲೇಳಲಿಲ್ಲ. “ಅಂಗಡಿಯೋನ್ನ ನಂಬಿ ತಿನ್ಲಿಲ್ಲ ಕಣಪ್ಪ, ನೀನು ಬರ್ದಿದ್ದೀಯ ಅಂತ ತಿಂದೆ” ಎಂದು ಹಾಸಿಗೆಯಿಂದಲೇ ಅಂದ ಮಾತು ಅಳಿಯನ ಎದೆಗೆ ನಾಟಿಬಿಟ್ಟಿತು.

ವಾರ್ಡ್ ಚುನಾವಣೆ ಬಂತು. ತರಕಾರಿ ಮಂಡಿಯ ಯಜಮಾನರೊಬ್ಬರು ನಿಂತರು. ಬೀದಿಯ ಗೋಡೆಗಳ ಮೇಲೆಲ್ಲ ತಮ್ಮ ಹೆಸರು, ಕೆಳಗೆ ‘ಬಡವರ ಬಂಧು’ ಎಂದು ಬರೆಯಬೇಕೆಂದರು. ಮಾವನಿಗೆ ಸಂಕಟ. ಆ ವರ್ಷ ಬೇರೆ ಕೆಲಸವಿಲ್ಲ, ಬಿಟ್ಟರೆ ಮನೆ ನಡೆಯದು. ಸಂಜೆ ನಮ್ಮ ಜಗಲಿಗೆ ಬಂದು ಕೂತರು.

“ಏನಮ್ಮ, ನಿಜಾನೋ ಸುಳ್ಳೋ ಗೊತ್ತಿಲ್ದೇ ಇರೋದನ್ನ ಹೆಂಗೆ ಬರಿಯೋದು? ನಿಮ್ ಪುಸ್ತಕದಲ್ಲಿ ಏನಾದ್ರೂ ದಾರಿ ಐತಾ?”

ಪರೀಕ್ಷೆಗೆ ಉರು ಹೊಡೆದಿದ್ದ ಜಂಬ ನನಗೆ. “ಯಾರು ಹೇಳಿದ್ರು ಅಂತ ಸೇರ್ಸಿ ಬರೀರಿ ಮಾವ. ಆಗ ಜವಾಬ್ದಾರಿ ಹೇಳಿದೋರ್ದು” ಎಂದೆ.

ಎರಡು ದಿನ ಬಿಟ್ಟು ನೋಡಿದರೆ ಬೀದಿಯುದ್ದಕ್ಕೂ ಮುತ್ತಿನಂಥ ಅಕ್ಷರ: ‘ಬಡವರ ಬಂಧು ಎಂದು ಅವರೇ ಹೇಳುತ್ತಾರೆ.’

ಯಜಮಾನರು ಕೆಂಡವಾಗಿ ಬಂದರು, ಸಿಟ್ಟಿಗೆ ಮನೆಮಾತು ತೆಲುಗೂ ಬೆರೆತಿತ್ತು. “ಏಮಯ್ಯಾ ಇದಿ! ನನ್ ಮಾನ ಕಳೀತೀಯಾ?”

“ನೀವು ಹೇಳಿದ್ದು ನಿಜ ತಾನೆ ಅಣ್ಣ?”

“ಹೇಳಿದ್ದೇನೋ ನಿಜ!”

“ಅಷ್ಟೇ ಬರ್ದಿದ್ದೀನಿ.”

ದಾರಿ ಹೇಳಿಕೊಟ್ಟ ನಾನು ಬಾಗಿಲ ಹಿಂದೆ ಅಡಗಿದ್ದೆ. ಮತದಾನ ಹತ್ತಿರವಾಗಿತ್ತು, ಅಳಿಸಿ ಬರೆಸಲು ಯಜಮಾನರಿಗೆ ಪುರುಸೊತ್ತಿರಲಿಲ್ಲ. ನಕ್ಕು ನಕ್ಕು ಜನ ಆ ಹೆಸರನ್ನೇ ನೆನಪಿಟ್ಟುಕೊಂಡರೋ ಏನೋ, ಅವರೇ ಗೆದ್ದರು.

ಗೆದ್ದ ಮೇಲೆ ಶುರುವಾಯಿತು. ಬೀದಿಯ ನಲ್ಲಿ ಕೆಟ್ಟು ಆರು ತಿಂಗಳಾಗಿತ್ತು. ಹೆಂಗಸರು ಖಾಲಿ ಬಿಂದಿಗೆ ಹಿಡಿದು ಅವರ ಮನೆ ಮುಂದೆ ನಿಂತರು. “ನೀವೇ ಹೇಳಿದ್ದೀರಲ್ಲಣ್ಣ, ಗೋಡೆ ಮೇಲೈತೆ!” ವಾರದೊಳಗೆ ನಲ್ಲಿ ಸರಿಯಾಯಿತು.

“ಈಗಾದ್ರೂ ಆ ‘ಅವರೇ ಹೇಳುತ್ತಾರೆ’ ಅನ್ನೋ ಬಾಲ ಕತ್ತರಿಸಯ್ಯ” ಎಂದು ಯಜಮಾನರು ಬಂದು ಕೇಳಿದರು. ಮಾವ ನಲ್ಲಿಗೆ ಹೋಗಿ ಒಂದು ಬಿಂದಿಗೆ ಪೂರ್ತಿ ತುಂಬುವವರೆಗೆ ಕಾದರು. ಬೊಗಸೆಯಲ್ಲಿ ಹಿಡಿದು ಕುಡಿದೂ ನೋಡಿದರು. ಆಮೇಲೆ ಹಳೆಯದಕ್ಕೆ ಸುಣ್ಣ ಬಳಿದು ಬರೆದರು: ‘ನಲ್ಲಿ ಸರಿ ಮಾಡಿಸಿದ್ದಾರೆ. ಮಿಕ್ಕಿದ್ದು ನೋಡೋಣ.’

ಮುಂದಿನ ಚುನಾವಣೆಯ ಹೊತ್ತಿಗೆ ಫ್ಲೆಕ್ಸ್ ಬಂದಿತ್ತು. ನಿಜವೋ ಸುಳ್ಳೋ ಎಂದು ಅದು ಯಾರನ್ನೂ ಕೇಳುತ್ತಿರಲಿಲ್ಲ. ಮಾವನ ಕುಂಚಗಳು ಅಟ್ಟ ಸೇರಿದವು. ಕೆಲವು ವರ್ಷಗಳಲ್ಲಿ ಅವರೂ ಹೋದರು...

ತಿಥಿಗೆ ಸಂಬಂಧಿಕರು ಅವರದೇ ಒಂದು ಫ್ಲೆಕ್ಸ್ ಕಟ್ಟಿಸಿದ್ದರು: ‘ಸರ್ವಜನಪ್ರಿಯ.’ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ ಅವರ ಹೆಂಡತಿ ತಲೆಯೆತ್ತಿ ಓದಿದರು. “ಎಲ್ಲಾರ್ಗೂ ಎಲ್ಲಿ ಪ್ರಿಯ? ಅರ್ಧ ಊರಿಗೆ ಆಗ್ತಾನೇ ಇರ್ಲಿಲ್ಲ. ಬಿಚ್ಚಿ ಅತ್ಲಾಗೆ!” ಎಂದರು. ಬಿಚ್ಚಿದರು.

ಈಗ ಸತ್ಯವೆಂದರೇನು, ನೀತಿಯೆಂದರೇನು, ಜನ ಒಂದು ಪಕ್ಷವನ್ನು ಏಕೆ ನಂಬುತ್ತಾರೆ ಎಂದು ನಾನೇ ಪಾಠ ಹೇಳುತ್ತೇನೆ. ಹೇಳುತ್ತಾ ಹೇಳುತ್ತಾ ಒಮ್ಮೊಮ್ಮೆ, ಹೇಳುತ್ತಿರುವುದು ನಿಜವೇ ಎಂದು ನನಗೇ ಅನುಮಾನವಾಗುತ್ತದೆ. ಸಂಜೆ ಜಗಲಿಯಲ್ಲಿ ಕೂತು ಕೇಳೋಣವೆಂದರೆ ಪಕ್ಕದ ಮನೆಯಲ್ಲಿ ಅವರಿಲ್ಲ.