ಎಲುಬಿಗೆ ಎರಡನೇ ಸಹಿ

ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ತಪಾಸಣೆಗಾರರಾಗಿದ್ದ ಧಾರವಾಡದ ಕೃಷ್ಣಾಜಿ, ಇಬ್ಬರ ಸಹಿಯಿಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಟ್ಟವರಲ್ಲ. ನಿವೃತ್ತರಾದ ಮೇಲೆ ಬಿದ್ದು ಮುರಿದುಕೊಂಡ ತೊಡೆಯೆಲುಬು ಎಂಟು ತಿಂಗಳಾದರೂ ಕೂಡಲಿಲ್ಲ. ಕೊನೆಗೆ ಡಾಕ್ಟರು ಅವರದೇ ಸೊಂಟದ ಎಲುಬಿನಿಂದ ಮಜ್ಜೆ ಹೀರಿ, ಮುರಿದ ಜಾಗಕ್ಕೆ ಚುಚ್ಚಿದರು.

ನಾಲ್ಕು ತಿಂಗಳಿಗೆ ಎಲುಬು ಕೂಡಿತು. ಇನ್ನು ಕಾಲೂರಿ ನಡೆಯಬಹುದೆಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಮತ್ತೆ ಮುರಿದೀತೆಂಬ ಅಂಜಿಕೆಗೆ ಕೃಷ್ಣಾಜಿ ಹಾಸಿಗೆ ಬಿಡಲಿಲ್ಲ.

"ಚೀಟಿ ಮ್ಯಾಲೆ ಒಬ್ಬರದ ಸಹಿ ಅದ. ಎರಡನೇದು ಎಲ್ಲದ?"

ಹೆಂಡತಿ ನರ್ಮದಾ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಚೀಟಿಯ ಮೇಲೆ ದೊಡ್ಡದಾಗಿ ಸಹಿ ಹಾಕಿದಳು.

"ನಾ ಪಾಸ್ ಮಾಡೇನ್ರಿ. ಏಳ್ರಿ, ಚಹಾ ಮಾಡ್ರಿ. ನನಗೂ ಒಂದು ಕಪ್!"

ಕೃಷ್ಣಾಜಿ ಸಹಿಯನ್ನು ದಿಟ್ಟಿಸಿದರು, ತಾರೀಖು ಹಾಕಿಲ್ಲವೆಂದು ಬೈದರು, ಬೈಯುತ್ತಲೇ ಗೋಡೆ ಹಿಡಿದು ಅಡಿಗೆಮನೆಗೆ ನಡೆದರು.