ಬೇರೆ ಪೆಟ್ಟಿಗೆಯ ಮತ

ಮಗಳು ಹುಟ್ಟಿದ ಮೇಲೆ ಕವನಳಿಗೆ ಒಂದೇ ಹಟ. ತಾನು ಶಾಲೆಯ ಸಮವಸ್ತ್ರ ಹೊಲಿಯುವ ಭದ್ರಾವತಿಯ ಮಹಿಳಾ ಹೊಲಿಗೆ ಸಹಕಾರ ಸಂಘದ ಶೆಡ್ಡಿನಲ್ಲಿ, ತೊಟ್ಟಿಲು ಕಟ್ಟಲು ಒಂದು ಕೋಣೆ ಬೇಕು. ಆಡಳಿತ ಮಂಡಳಿ ‘ನೋಡೋಣ’ ಎನ್ನುತ್ತಲೇ ಇತ್ತು. ಚುನಾವಣೆಯಲ್ಲಿ ಮಂಡಳಿಯನ್ನೇ ಬದಲಾಯಿಸೋಣವೆಂದರೆ ಮತದಾರರ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ.

ಹಿಂದಿನ ವಾರ್ಷಿಕ ಸಭೆಗೆ ಬಾರದವರಿಗೆ ಮತವಿಲ್ಲವೆಂದು ಸಹಕಾರ ಕಾನೂನಿಗೆ ಸರ್ಕಾರ ಹೊಸ ಕಲಮು ಸೇರಿಸಿತ್ತು. ಸಭೆ ನಡೆದಾಗ ಕವನ ಕುಂಸಿಯ ತವರಿನಲ್ಲಿ ಹಸಿ ಬಾಣಂತಿ. ಅವಳ ಬದಲಿಗೆ ಅತ್ತೆ ಉಚ್ಚಂಗಮ್ಮ ಹೋಗಿ, ಮುಂದಿನ ಸಾಲಿನಲ್ಲೇ ಕೂತು, ತಮ್ಮ ಹೆಸರಿನಲ್ಲೇ ಸಹಿ ಮಾಡಿ ಬಂದಿದ್ದರು. ಬಾಣಂತಿಯರಿದ್ದ ಮನೆಗಳಿಂದೆಲ್ಲ ಅತ್ತೆಯೋ ನಾದಿನಿಯೋ ಹಾಗೆಯೇ ಬಂದಿದ್ದರು. ಮದುವೆಯಾಗಲಿ, ಸಾವಾಗಲಿ, ಸಂಘದ ಸಭೆಯಾಗಲಿ, ಮನೆಯಿಂದ ಒಬ್ಬರು ಮುಖ ತೋರಿಸಿದರೆ ಸಾಕು ಎಂಬುದು ಆ ಓಣಿಗಳ ರೂಢಿ.

“ನಾನು ಸೊಂಟ ನೋಯೋವರೆಗೂ ಕೂತಿದ್ದು ಯಾವ ಲೆಕ್ಕಕ್ಕೂ ಇಲ್ವಾ?” ಎಂದರು ಉಚ್ಚಂಗಮ್ಮ.

“ನೀವು ಸದಸ್ಯರಲ್ವಲ್ಲ ಅತ್ತೆ.”

“ಹಂಗಂತ ಟೀ ಕೊಡುವಾಗ ಯಾರೂ ಹೇಳ್ಲಿಲ್ಲ.”

ಕವನ ಶಿವಮೊಗ್ಗದ ವಕೀಲೆ ಸಂಧ್ಯಾ ಅವರನ್ನು ಹಿಡಿದು ಹೈಕೋರ್ಟಿಗೆ ರಿಟ್ ಹಾಕಿಸಿದಳು. ತನ್ನ ಮತ ತನಗೆ ಬೇಕು, ಆ ಕಲಮೇ ಸಂವಿಧಾನಕ್ಕೆ ವಿರುದ್ಧ, ಅದನ್ನು ರದ್ದು ಮಾಡಬೇಕು ಎಂದು ಎರಡನ್ನೂ ಕೇಳಿದ್ದಳು. ಮೊದಲ ವಿಚಾರಣೆ ಮುಗಿದ ಮೇಲೆ ಸಂಧ್ಯಾ ಅವಳನ್ನು ದುರ್ಗಿಗುಡಿಯ ಕಚೇರಿಗೆ ಕರೆಸಿದರು. ಮಗುವನ್ನು ಎತ್ತಿಕೊಂಡು ಉಚ್ಚಂಗಮ್ಮನೂ ಬಸ್ಸು ಹತ್ತಿದರು.

“ರಾಜ್ಯದ ಕಾನೂನನ್ನೇ ಪ್ರಶ್ನೆ ಮಾಡಿದೀರಿ, ಇದನ್ನ ಇಬ್ಬರು ನ್ಯಾಯಮೂರ್ತಿಗಳ ಪೀಠ ಕೇಳ್ಬೇಕು ಅಂತ ಜಡ್ಜ್ ಅಂದಿದಾರೆ” ಎಂದರು ಸಂಧ್ಯಾ. “ಅಲ್ಲಿಗೆ ಹೋದ್ರೆ ಚುನಾವಣೆ ಒಳಗೆ ಏನೂ ಆಗ್ದೇ ಇರ್ಬಹುದು. ಕಾನೂನಿನ ಮಾತು ಬಿಟ್ಟು ನಿಮ್ಮ ಮತ ಒಂದನ್ನೇ ಕೇಳಿದ್ರೆ ಈ ಜಡ್ಜೇ ಬೇಗ ಮುಗಿಸ್ತಾರೆ. ಯೋಚ್ನೆ ಮಾಡಿ ಹೇಳಿ.”

“ಒಂದು ಓಟಿಗೆ ಇಬ್ಬರು ಜಡ್ಜಾ?” ಉಚ್ಚಂಗಮ್ಮ ಸೊಸೆಯ ಕಡೆ ತಿರುಗಿದರು. “ನಿನ್ನ ಮದ್ವೆ ಮಾಡ್ಸೋಕೆ ಒಬ್ರೇ ಅಯ್ಯನೋರು ಸಾಕಾಗಿದ್ರಲ್ಲೇ ಮಾರಾಯ್ತಿ.”

ಮರುದಿನ ಸಂಘದ ಅಧ್ಯಕ್ಷೆ ದಾಕ್ಷಾಯಣಮ್ಮ ಹೊಸಮನೆ ಬಡಾವಣೆಯಲ್ಲಿದ್ದ ಕವನಳ ಮನೆಗೇ ಬಂದರು. ಮಗುವಿನ ಕೆನ್ನೆ ಸವರಿ, ಕೂತು, ಮೆತ್ತಗೆ ಹೇಳಿದರು: “ಕಾನೂನಿನ ತಂಟೆ ನಮಗ್ಯಾಕೆ ಕವನಾ? ಅದೊಂದು ಬಿಡು. ನಿನ್ನ ಮತಕ್ಕೆ ನಮ್ಮ ತಕರಾರಿಲ್ಲ ಅಂತ ಕೋರ್ಟಲ್ಲಿ ಹೇಳಿಸ್ತೀನಿ.”

“ಮತ್ತೆ ಮತ ಕಳ್ಕೊಂಡಿರೋ ಜನ್ನಾಪುರದ ಸದಸ್ಯರು? ಅವರೂ ಬಾಣಂತಿಯರೇ ಅಲ್ವಾ?”

“ಅವರೇನು ಕೋರ್ಟಿಗೆ ಹೋಗಿದಾರಾ?”

ಆ ಮಾತು ಕವನಳ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಮಗುವಿಗೆ ಹಾಲು ಕುಡಿಸುತ್ತ ಅವಳು ಯೋಚಿಸಿದಳು. ತಾನೊಬ್ಬಳು ಮತ ಹಾಕಿದರೆ ಕೋಣೆ ಬರುವುದಿಲ್ಲ. ಬರುವ ವರ್ಷ ಹೆರುವವಳಿಗೂ ಇದೇ ಗತಿ. ಉಳಿದವರು ಕೋರ್ಟಿಗೆ ಹೋಗಿಲ್ಲ ಎಂದಲ್ಲವೇ ದಾಕ್ಷಾಯಣಮ್ಮನ ಮಾತು? ಹಾಗಾದರೆ ಅವರೂ ಹೋಗಲಿ. ಮಗು ಕಣ್ಣು ಮುಚ್ಚುತ್ತಲೇ ಸಂಧ್ಯಾ ಅವರಿಗೆ ಫೋನ್ ಮಾಡಿದಳು: “ಮೇಡಂ, ಕಾನೂನಿನ ಮಾತು ಬಿಡಲ್ಲ. ಈ ಚುನಾವಣೆ ತಪ್ಪಿದ್ರೆ ತಪ್ಲಿ. ಬೇರೆಯವರನ್ನೂ ಕೇಸಿಗೆ ಸೇರಿಸ್ತೀನಿ, ಅವರ ಸಹಿ ಹಾಕಿಸೋಕೆ ವಕಾಲತ್ತಿನ ಕಾಗದ ಕಳ್ಸಿ.”

ಹೊಸಮನೆ, ಜನ್ನಾಪುರ, ಹಳೇನಗರದ ಓಣಿಗಳನ್ನೆಲ್ಲ ಅತ್ತೆ ಸೊಸೆ ಸುತ್ತಿದರು. ಕೆಲವರು ಬಾಗಿಲಲ್ಲೇ ಸಾಗಹಾಕಿದರು. ಜನ್ನಾಪುರದ ಒಂದು ಮನೆಯಲ್ಲಿ ಸೊಸೆ ಮಗುವಿಗೆ ನೀರು ಹಾಕುತ್ತಿದ್ದಳು. ಅವಳ ಅತ್ತೆ ಪೆನ್ನಿಗೆ ಕೈ ಚಾಚಿ, “ಕೊಡಿ, ನಾನೇ ಹಾಕ್ತೀನಿ” ಎಂದಳು. ಕವನ ಬಾಯಿ ತೆರೆಯುವ ಮೊದಲೇ ಉಚ್ಚಂಗಮ್ಮ ಗದರಿಸಿದರು: “ಸುಮ್ನಿರಮ್ಮಾ, ಹಂಗೆ ಮಾಡೇ ನಾವು ಕೆಟ್ಟಿದ್ದು. ಅವಳು ಕೈ ಒರೆಸ್ಕೊಂಡು ಬರ್ಲಿ, ಕಾಯ್ತೀವಿ.”

ಚುನಾವಣೆ ಹತ್ತಿರವಿದೆಯೆಂದು ಸಂಧ್ಯಾ ತುರ್ತು ಅರ್ಜಿ ಹಾಕಿದ್ದರಿಂದ ಇಬ್ಬರ ಪೀಠ ಅದೇ ವಾರ ಪ್ರಕರಣವನ್ನು ಕರೆಯಿತು. ಸಹಿ ಹಾಕಿದವರಲ್ಲಿ ಬಂದಷ್ಟು ಮಂದಿ ಮಕ್ಕಳ ಸಮೇತ ಕವನಳ ಮನೆಯಲ್ಲಿ ಸೇರಿ ಫೋನಿನಲ್ಲೇ ಕಲಾಪದ ನೇರ ಪ್ರಸಾರ ನೋಡಿದರು. ಸದಸ್ಯರು ಸಭೆಗೆ ಬರಲಿ ಎಂಬುದಷ್ಟೇ ಕಾನೂನಿನ ಆಶಯವೆಂದು ಸರ್ಕಾರದ ವಕೀಲರು ವಾದಿಸಿದರು. ಹೆರಿಗೆಯಾದವರಿಗೆ ವಿನಾಯಿತಿ ಉಂಟೇ ಎಂದು ಒಬ್ಬರು ನ್ಯಾಯಮೂರ್ತಿ ಕೇಳಿದರು. ವಕೀಲರು ಕಾಗದ ಮಗುಚಿ, ಇಲ್ಲವೆಂದರು. ಇಬ್ಬರು ನ್ಯಾಯಮೂರ್ತಿಗಳೂ ತಲೆ ಸೇರಿಸಿ ಮಾತಾಡಿಕೊಂಡರು. ಕಲಮಿನ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿಯೇ ತೀರ್ಮಾನಿಸಬೇಕು. ಅಲ್ಲಿಯವರೆಗೆ ಅರ್ಜಿದಾರರೆಲ್ಲ ಮತ ಹಾಕಲಿ, ಆ ಮತಗಳು ಬೇರೆ ಪೆಟ್ಟಿಗೆಯಲ್ಲಿರಲಿ, ತೀರ್ಪು ಬರುವ ತನಕ ಅದನ್ನು ತೆರೆಯಬಾರದು, ಫಲಿತಾಂಶವನ್ನೂ ಪ್ರಕಟಿಸಬಾರದು ಎಂದರು.

“ಗೆದ್ವಾ, ಸೋತ್ವಾ?” ಜನ್ನಾಪುರದವಳು ಪಿಸುಗುಟ್ಟಿದಳು.

“ಇನ್ನೂ ಎರಡೂ ಇಲ್ಲ. ಮತ ಹಾಕೋಕೆ ಮಾತ್ರ ಬರ್ಲೇಬೇಕು” ಎಂದಳು ಕವನ.

ಚುನಾವಣೆಯ ದಿನ ಶೆಡ್ಡಿನಲ್ಲಿ ಎರಡು ಪೆಟ್ಟಿಗೆಗಳಿದ್ದವು. ಬೇರೆ ಪೆಟ್ಟಿಗೆಯ ಸಾಲಿನಲ್ಲಿ ಮಕ್ಕಳ ಅಳುವೇ ಅಳು. ದಾಕ್ಷಾಯಣಮ್ಮ ಕವನಳ ಪಕ್ಕಕ್ಕೆ ಬಂದು, “ತೆರೆಯದ ಪೆಟ್ಟಿಗೆಗೆ ಇಷ್ಟೆಲ್ಲ ಒದ್ದಾಡಿದೆಯಲ್ಲ ಹುಡುಗಿ” ಎಂದರು.

“ತೆರೆಯೋ ದಿನ ನೀವೂ ಬನ್ನಿ ಅಮ್ಮಾ, ಒಟ್ಟಿಗೇ ನೋಡೋಣ.”

ಕವನ ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿದಳು. ಆಮೇಲೆ ತಿರುಗಿ, ಹಿಂದೆ ನಿಂತವಳ ಕಡೆ ಎರಡೂ ಕೈ ಚಾಚಿದಳು. “ಮಗೂನ ಇಲ್ಲಿ ಕೊಡು. ನೀನು ಹೋಗಿ ಹಾಕು.”